ಡಬ್ಬಿಯೊಳಗೆ ಅದುಮಿಟ್ಟ ಸ್ಪ್ರಿಂಗು

ಬಸ್ ನಿಲ್ದಾಣದಲ್ಲಿ ದೊಡ್ಡ ಬಸ್ಸೊಂದು ಬಂದು ನಿಲ್ಲುತ್ತದೆ. ಚಾಲಕ ಇಳಿಯುವ ಮುನ್ನ ಕೈಯಳತೆಯಲ್ಲಿರುವ ಪುಟ್ಟ ಹಿಡಿಕೆಯೊಂದನ್ನು ಸರಿಸುತ್ತಾನೆ. ಆಗ ಬಸ್ಸಿನ ಅಡಿಯಿಂದ 'ಫುಸ್ಸ್' ಎಂದು ಗಾಳಿ ಹೊರನುಗ್ಗುತ್ತದೆ. ಆ ಸದ್ದು ಯಾವುದು ಎಂದು ಒಂಬತ್ತನೇ ತರಗತಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಗಾಳಿ ಬ್ರೇಕು ಹಾಕಿದ ಸದ್ದು ಸಾರ್."

ಉತ್ತರ ಅರ್ಧ ಸರಿ. ಬ್ರೇಕು ಬಿದ್ದದ್ದು ನಿಜ. ಆದರೆ ಹಾಕಿದ್ದು ಗಾಳಿಯಲ್ಲ. ಗಾಳಿ ಹೊರಟುಹೋದದ್ದರಿಂದ ಬ್ರೇಕು ಬಿತ್ತು! ಹಾಕಿದ್ದು, ಹಿಂದಿನ ಚಕ್ರದ ಬಳಿ ಕಬ್ಬಿಣದ ಡಬ್ಬಿಯೊಂದರಲ್ಲಿ ಅದುಮಿಟ್ಟಿರುವ ದಪ್ಪನೆಯ ಸ್ಪ್ರಿಂಗು. ಬಸ್ಸು ಓಡುವಷ್ಟು ಹೊತ್ತೂ ಗಾಳಿಯ ಒತ್ತಡ ಆ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿ ಹಿಡಿದಿರುತ್ತದೆ. ಗಾಳಿ ಕೈಬಿಟ್ಟ ಕೂಡಲೇ ಸ್ಪ್ರಿಂಗು ಮುಂದಕ್ಕೆ ಚಾಚಿ ಬ್ರೇಕನ್ನು ಬಿಗಿಯುತ್ತದೆ. ಬೆಳಗಿನ ಮೊದಲ ಬಸ್ಸು ಹೊರಡುವ ಮುಂಚೆ ಚಾಲಕ ಇಂಜಿನ್ ಚಾಲೂ ಮಾಡಿಕೊಂಡು ಕೆಲವು ನಿಮಿಷ ಕಾಯುವುದನ್ನು ನೀವು ಗಮನಿಸಿರಬಹುದು. ಟ್ಯಾಂಕಿನಲ್ಲಿ ಗಾಳಿ ತುಂಬದ ಹೊರತು ಆ ಸ್ಪ್ರಿಂಗು ಚಕ್ರವನ್ನು ಬಿಟ್ಟುಕೊಡುವುದಿಲ್ಲ.

ಓಡುವಾಗ ಕಾಲಿನಿಂದ ಒತ್ತುವ ಬ್ರೇಕು ಬೇರೆ. ಅದಕ್ಕೆ ಗಾಳಿಯ ಒತ್ತಡವೇ ಬಲ. ಎರಡೂ ಒಂದೇ ಜೋಡಿ ಡಬ್ಬಿಯಲ್ಲಿ, ಒಂದರ ಬೆನ್ನಿಗೆ ಒಂದರಂತೆ ಇರುವುದರಿಂದ ಗೊಂದಲವಾಗುವುದು ಸಹಜ. ನಾವು ಇಲ್ಲಿ ಮಾತಾಡುತ್ತಿರುವುದು ಹಿಂಭಾಗದ ಡಬ್ಬಿಯ ಬಗ್ಗೆ.

ಇದೇನು ವಿಚಿತ್ರ ಏರ್ಪಾಡು, ಗಾಳಿಯಿಂದಲೇ ನೇರವಾಗಿ ಎಲ್ಲವನ್ನೂ ಮಾಡಿಸಬಾರದಿತ್ತೇ ಎಂದು ಕೇಳಬಹುದು. ಹಾಗೆ ಮಾಡಿ ನೋಡಿದ್ದೂ ಆಯಿತು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗೆ ಗಾಳಿ ಬ್ರೇಕು ಮಾಡಿದಾಗ, ಇಂಜಿನ್ನಿನಿಂದ ಹೊರಟ ಗಾಳಿ ಕೊಳವೆಯ ಮೂಲಕ ಪ್ರತಿಯೊಂದು ಡಬ್ಬಿಗೂ ಹೋಗಿ ಬ್ರೇಕು ಹಾಕುತ್ತಿತ್ತು. ಕೊಳವೆ ಎಲ್ಲಾದರೂ ಕಿತ್ತುಹೋದರೆ? ಬ್ರೇಕೇ ಇಲ್ಲ. 1872ರ ಹೊತ್ತಿಗೆ ಅವನು ವಿಚಾರವನ್ನು ತಲೆಕೆಳಗು ಮಾಡಿದ. ಕೊಳವೆಯಲ್ಲಿ ಒತ್ತಡ ಇರುವವರೆಗೆ ಬ್ರೇಕು ಸಡಿಲ. ಒತ್ತಡ ಇಳಿದರೆ ಪ್ರತಿ ಡಬ್ಬಿಯಲ್ಲೂ ಕೂಡಿಟ್ಟ ಗಾಳಿಯೇ ಬ್ರೇಕು ಹಾಕುತ್ತದೆ. ರೈಲಿನಲ್ಲಿ ಚೈನು ಎಳೆದಾಗ ಆಗುವುದೂ ಇದೇ. ಬ್ರೇಕ್ ಕೊಳವೆಯ ಗಾಳಿ ಹೊರಹೋಗಿ ಬ್ರೇಕು ತಾನಾಗಿ ಹಿಡಿಯುತ್ತದೆ. ಕೆಟ್ಟಾಗ ಅಪಾಯದ ಕಡೆಗೆ ಹೋಗದೆ ಕ್ಷೇಮದ ಕಡೆಗೆ ಹೋಗಬೇಕು ಎಂಬ ಈ ಉಪಾಯವನ್ನು ಇಂದು ಲಿಫ್ಟಿನಿಂದ ತೈಲ ಸಂಸ್ಕರಣಾಗಾರದವರೆಗೆ ಎಲ್ಲೆಡೆ ಕಾಣಬಹುದು. ಬಸ್ಸಿನಲ್ಲಿ ಕೂಡಿಟ್ಟ ಗಾಳಿಯ ಜಾಗಕ್ಕೆ ಸ್ಪ್ರಿಂಗು ಬಂದಿದೆ, ಅಷ್ಟೆ. ಸ್ಪ್ರಿಂಗು ಸೋರುವುದಿಲ್ಲವಲ್ಲ!

ನಿಮ್ಮ ಮನೆಗೆ ಬರುವ ಹಾಲಿನ ಪ್ಯಾಕೆಟ್ಟಿಗೂ ಈ ಡಬ್ಬಿಗೂ ಸಂಬಂಧವಿದೆ. ಡೇರಿಯಲ್ಲಿ ಹಾಲನ್ನು ಹರಿಯುತ್ತಿರುವಂತೆಯೇ 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ 15 ಸೆಕೆಂಡು ಹಾಗೇ ಇರಿಸಿ ಪಾಶ್ಚರೀಕರಣ ಮಾಡುತ್ತಾರೆ. ಅದರ ಕೊನೆಯಲ್ಲಿ ಹಾಲಿನ ದಾರಿ ಬದಲಿಸುವ ಒಂದು ವಾಲ್ವ್ ಇದೆ. ಹಾಲು ಸಾಕಷ್ಟು ಕಾದಿದ್ದರೆ ಒತ್ತಡದ ಗಾಳಿ ಆ ವಾಲ್ವನ್ನು ಮುಂದಿನ ದಾರಿಗೆ ತೆರೆದು ಹಿಡಿಯುತ್ತದೆ. ಶಾಖ ಕಡಿಮೆಯಾಯಿತೋ, ಕರೆಂಟು ಹೋಯಿತೋ, ಗಾಳಿಯ ಪೈಪು ಒಡೆಯಿತೋ, ಆ ಕ್ಷಣವೇ ವಾಲ್ವಿನ ತಲೆಯ ಮೇಲಿನ ಸ್ಪ್ರಿಂಗು ಅದನ್ನು ತಳ್ಳಿ, ಹಾಲನ್ನು ಮತ್ತೆ ಕಾಯಿಸಲು ಹಿಂದಕ್ಕೆ ಕಳಿಸುತ್ತದೆ. ಹೀಗೆ ವಾಲ್ವಿನ ಮೇಲೆ ಕುಳಿತು ಅದನ್ನು ಆಡಿಸುವ ಭಾಗಕ್ಕೆ ಕಾರ್ಖಾನೆಗಳಲ್ಲಿ ಆಕ್ಚುಯೇಟರ್ ಎನ್ನುತ್ತಾರೆ. ಸಕ್ಕರೆ ಕಾರ್ಖಾನೆ, ಗ್ಯಾಸ್ ತುಂಬಿಸುವ ಘಟಕ, ಔಷಧ ಕಾರ್ಖಾನೆ, ಎಲ್ಲಿ ನೋಡಿದರೂ ಇವು ಇರುತ್ತವೆ. ನಮ್ಮ ಮಕ್ಕಳು ಐಟಿಐ, ಡಿಪ್ಲೊಮಾ ಮುಗಿಸಿ ಅಪ್ರೆಂಟಿಸ್ ಆಗಿ ಸೇರುವುದು ಇಂಥ ಕಡೆಗಳಿಗೇ. ಮೊದಲ ತಿಂಗಳಲ್ಲೇ ಕೈಗೆ ಸ್ಪ್ಯಾನರ್ ಬರುತ್ತದೆ, ಎದುರಿಗೆ ಇಂಥದೊಂದು ಡಬ್ಬಿ ಬರುತ್ತದೆ. ಹೊರಗಿನಿಂದ ನೋಡಿದರೆ ನಾಲ್ಕು ಬೋಲ್ಟು, ಒಂದು ಮುಚ್ಚಳ. ಬಿಚ್ಚಿದರಾಯಿತು ಅನ್ನಿಸುತ್ತದೆ. ಹಾಗೆ ಅನ್ನಿಸುವುದರಲ್ಲೇ ಅಪಾಯವಿದೆ.

ಒಂದು ಓವರಿನ ಆರು ಚೆಂಡು

ಸ್ಪ್ರಿಂಗಿನ ಬಗ್ಗೆ ಶಾಲೆಯಲ್ಲಿ ಓದುವ ನಿಯಮ ರಾಬರ್ಟ್ ಹುಕ್‌ನದು. 1676ರಲ್ಲಿ ಅವನು ಅದನ್ನು ಅಕ್ಷರಗಳ ಒಗಟಾಗಿ ಪ್ರಕಟಿಸಿ, ಎರಡು ವರ್ಷ ಬಿಟ್ಟು 1678ರಲ್ಲಿ ಬಿಡಿಸಿ ಹೇಳಿದ. ತನ್ನ ಶೋಧವನ್ನು ಬೇರೆಯವರು ಕದ್ದಾರು ಎಂಬ ಅನುಮಾನ ಅವನಿಗೆ! ಸ್ಪ್ರಿಂಗನ್ನು ಎಷ್ಟು ದೂರ ಹಿಗ್ಗಿಸಿದರೆ ಅಥವಾ ಕುಗ್ಗಿಸಿದರೆ ಅದಕ್ಕೆ ತಕ್ಕಷ್ಟು ಬಲ ಹುಟ್ಟುತ್ತದೆ ಎಂಬುದು ಸಾರಾಂಶ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆಯುವ ಈ ನಿಯಮವನ್ನು ಬಸ್ಸಿನ ಡಬ್ಬಿಗೆ ಹಚ್ಚಿ ನೋಡೋಣ.

ಭಾರಿ ವಾಹನಗಳಲ್ಲಿ ಸಾಮಾನ್ಯವಾಗಿ ಬಳಸುವ ಒಂದು ಅಳತೆಯ ಡಬ್ಬಿಗೆ 30 ಎಂಬ ಸಂಖ್ಯೆ ಇರುತ್ತದೆ. ಗಾಳಿ ಒತ್ತುವ ಜಾಗ 30 ಚದರ ಇಂಚು ಎಂದು ಅದರ ಅರ್ಥ, ಅಂದರೆ ಸುಮಾರು 194 ಚದರ ಸೆಂಟಿಮೀಟರ್. ಸ್ಪ್ರಿಂಗನ್ನು ಪೂರ್ತಿ ಹಿಂದೆ ತಳ್ಳಲು ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಒತ್ತಡ ಬೇಕಾಯಿತು ಎನ್ನಿ. ಗುಣಿಸಿ ನೋಡಿ: 970 ಕಿಲೋಗ್ರಾಂ. ಹೆಚ್ಚುಕಡಿಮೆ ಒಂದು ಟನ್! ಎರಡು ಅಂಗೈಯಲ್ಲಿ ಹಿಡಿಯಬಹುದಾದ ಡಬ್ಬಿಯೊಳಗೆ ಒಂದು ಟನ್ನಿನ ಬಲ ಸದ್ದಿಲ್ಲದೆ ಕುಳಿತಿರುತ್ತದೆ.

ಈಗ ಲೆಕ್ಕಕ್ಕೆ ಸುಲಭವಾಗಲೆಂದು ಸಂಖ್ಯೆಗಳನ್ನು ದುಂಡು ಮಾಡಿಕೊಳ್ಳೋಣ. ಸ್ಪ್ರಿಂಗು ತನ್ನ ಸಹಜ ಉದ್ದಕ್ಕಿಂತ 16 ಸೆಂಟಿಮೀಟರ್ ಕುಗ್ಗಿದೆ, ಆಗಿನ ಬಲ 10,000 ನ್ಯೂಟನ್. ಕೂಡಿಟ್ಟ ಶಕ್ತಿ ಎಂದರೆ ಬಲದ ಅರ್ಧವನ್ನು ದೂರದಿಂದ ಗುಣಿಸಿದಷ್ಟು: 5,000ವನ್ನು 0.16ರಿಂದ ಗುಣಿಸಿದರೆ 800 ಜೌಲ್. ಸಂಖ್ಯೆ ದೊಡ್ಡದೆನಿಸುವುದಿಲ್ಲ. ಆದರೆ ಒಂದು ಕಿಲೋಗ್ರಾಂ ತೂಕದ ಮುಚ್ಚಳಕ್ಕೆ ಆ ಶಕ್ತಿಯೆಲ್ಲ ಹೋಯಿತೆಂದರೆ ಅದರ ವೇಗ ಸೆಕೆಂಡಿಗೆ 40 ಮೀಟರ್, ಗಂಟೆಗೆ 144 ಕಿಲೋಮೀಟರ್. ಅದೇ ವೇಗದಲ್ಲಿ ಬರುವ 160 ಗ್ರಾಂ ತೂಕದ ಕ್ರಿಕೆಟ್ ಚೆಂಡಿನ ಶಕ್ತಿ 128 ಜೌಲ್. ಅಂದರೆ ವೇಗದ ಬೌಲರ್ ಒಬ್ಬನ ಒಂದು ಓವರಿನ ಆರೂ ಚೆಂಡು ಒಟ್ಟಿಗೆ ಬಂದು ಹೊಡೆದಂತೆ. ಅದೂ ಪ್ಯಾಡು ಹೆಲ್ಮೆಟ್ಟು ಇಲ್ಲದವನಿಗೆ, ಒಂದು ಗೇಣು ದೂರದಿಂದ.

"ಬ್ರೇಕು ಬಿದ್ದ ಮೇಲೆ ಸ್ಪ್ರಿಂಗು ಚಾಚಿಕೊಂಡಿತಲ್ಲ ಸಾರ್, ಆಮೇಲೆ ಏನು ಭಯ?" ಎಂದು ಜಾಣ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರವೂ ಲೆಕ್ಕದಲ್ಲೇ ಇದೆ. ಬ್ರೇಕು ಬೀಳುವಾಗ ಸ್ಪ್ರಿಂಗು ಚಾಚುವುದು ಸುಮಾರು 6 ಸೆಂಟಿಮೀಟರ್ ಮಾತ್ರ ಎಂದುಕೊಳ್ಳಿ. ಇನ್ನೂ 10 ಸೆಂಟಿಮೀಟರ್ ಕುಗ್ಗಿಯೇ ಇರುತ್ತದೆ. ಹಾಗಿಲ್ಲದಿದ್ದರೆ ಚಕ್ರವನ್ನು ಬಿಗಿಹಿಡಿಯಲು ಬಲವೇ ಉಳಿಯುತ್ತಿರಲಿಲ್ಲ. ಆಗಲೂ ಬಲ 6,250 ನ್ಯೂಟನ್, ಶಕ್ತಿ ಸುಮಾರು 310 ಜೌಲ್. ನಮ್ಮ ಒಂದು ಕಿಲೋಗ್ರಾಂ ಮುಚ್ಚಳಕ್ಕೆ ಅದು ಗಂಟೆಗೆ 90 ಕಿಲೋಮೀಟರ್ ವೇಗ. ಗಾಳಿ ಪೂರ್ತಿ ಬಿಟ್ಟ ಡಬ್ಬಿ, ವಾಹನದಿಂದ ಬಿಚ್ಚಿ ನೆಲದ ಮೇಲಿಟ್ಟ ಡಬ್ಬಿ, ಹತ್ತು ವರ್ಷದಿಂದ ಮೂಲೆಯಲ್ಲಿ ಬಿದ್ದಿರುವ ಡಬ್ಬಿ, ಎಲ್ಲವೂ ಹೀಗೇ. ಗಾಳಿಯ ಒತ್ತಡಕ್ಕೆ ಗೇಜು ಇದೆ, ಕರೆಂಟಿಗೆ ಟೆಸ್ಟರ್ ಇದೆ. ಅದುಮಿದ ಸ್ಪ್ರಿಂಗಿಗೆ ಹೊರಗಿನಿಂದ ಯಾವ ಗುರುತೂ ಇಲ್ಲ.

ಬಿಚ್ಚುವ ಕ್ರಮ

ಕಾರ್ಖಾನೆಯ ವಾಲ್ವ್ ಆಕ್ಚುಯೇಟರನ್ನು ರಿಪೇರಿಗಾಗಿ ಬಿಚ್ಚಲೇಬೇಕಾಗುತ್ತದೆ. ಒಳಗಿನ ರಬ್ಬರ್ ಬಳೆಗಳು ಸವೆಯುತ್ತವೆ, ಗ್ರೀಸು ಒಣಗುತ್ತದೆ. ಬಿಚ್ಚುವುದು ತಪ್ಪಲ್ಲ, ಅದಕ್ಕೊಂದು ಕ್ರಮವಿದೆ. ಮೊದಲು ವಾಲ್ವ್ ಇರುವ ಪೈಪಿನ ಸಾಲನ್ನು ಎರಡೂ ಕಡೆ ಬಂದ್ ಮಾಡಿ, ಒಳಗಿನ ದ್ರವವನ್ನೋ ಹಬೆಯನ್ನೋ ಖಾಲಿ ಮಾಡಬೇಕು. ನಂತರ ಆಕ್ಚುಯೇಟರಿಗೆ ಬರುವ ಗಾಳಿಯನ್ನೂ ಕರೆಂಟನ್ನೂ ನಿಲ್ಲಿಸಿ, ನಿಲ್ಲಿಸಿದ ಜಾಗಕ್ಕೆ ಬೀಗ ಜಡಿದು, "ಕೆಲಸ ನಡೆದಿದೆ, ಮುಟ್ಟಬೇಡಿ" ಎಂದು ಹೆಸರಿನ ಚೀಟಿ ಕಟ್ಟಬೇಕು. ಬೀಗದ ಕೈ ಕೆಲಸ ಮಾಡುವವನ ಜೇಬಿನಲ್ಲೇ ಇರಬೇಕು. ಅಮೆರಿಕದಲ್ಲಿ 1989ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ನಿಯಮ ಬಂತು. ವಿದ್ಯುತ್ತಿನ ಜೊತೆಗೆ ಗಾಳಿ, ನೀರು, ಸ್ಪ್ರಿಂಗು ಮುಂತಾದವುಗಳಲ್ಲಿ ಕೂಡಿಟ್ಟ ಶಕ್ತಿಯನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿತು. ನಮ್ಮಲ್ಲೂ ಶಿಸ್ತಿನ ಕಾರ್ಖಾನೆಗಳು ಈ ಪದ್ಧತಿಯನ್ನು ಪಾಲಿಸುತ್ತವೆ. ಆಮೇಲೆ ಡಬ್ಬಿಯಲ್ಲಿ ಉಳಿದ ಗಾಳಿಯನ್ನು ಬಿಟ್ಟು, ಕೊಳವೆಯನ್ನೇ ಕಳಚಿ ಇಡಬೇಕು.

ಇಷ್ಟಾದ ಮೇಲೆ ಮಾಡಬೇಕಾದ ಒಂದು ಕೆಲಸವನ್ನು ಅವಸರದವರು ಹಾರಿಸಿಬಿಡುತ್ತಾರೆ. ಗಾಳಿ ಹೋದಮೇಲೆ ವಾಲ್ವ್ ನಿಜವಾಗಿಯೂ ತಿರುಗಿತೇ? ಡಬ್ಬಿಯ ನೆತ್ತಿಯ ಮೇಲೆ ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಎಂದು ತೋರಿಸುವ ಸೂಚಿ ಇರುತ್ತದೆ. ಗಾಳಿ ಇಲ್ಲದಾಗ ಅದು ಯಾವ ಕಡೆ ಇರಬೇಕೋ ಅಲ್ಲೇ ಇದೆಯೇ ಎಂದು ಕಣ್ಣಾರೆ ನೋಡಬೇಕು. ಕಬ್ಬಿನ ರಸದ ಗಷ್ಟೋ, ತುಕ್ಕೋ, ಹೆಪ್ಪುಗಟ್ಟಿದ ರಾಸಾಯನಿಕವೋ ಸಿಕ್ಕಿಕೊಂಡು ವಾಲ್ವ್ ನಡುದಾರಿಯಲ್ಲಿ ಕಚ್ಚಿ ನಿಂತಿದ್ದರೆ, ಗಾಳಿ ಖಾಲಿಯಾಗಿದ್ದರೂ ಸ್ಪ್ರಿಂಗು ಇನ್ನೂ ಪೂರ್ತಿ ಸೆಟೆದುಕೊಂಡಿರುತ್ತದೆ. ಅದರ ಬಲವೆಲ್ಲ ಆ ಕಚ್ಚಿದ ವಾಲ್ವಿನ ಕಂಬಿಯ ಮೇಲೆ ನಿಂತಿರುತ್ತದೆ. ಆಗ ಆಕ್ಚುಯೇಟರನ್ನು ವಾಲ್ವಿಗೆ ಜೋಡಿಸಿದ ನಾಲ್ಕು ಬೋಲ್ಟನ್ನು ಬಿಚ್ಚಿದಿರೋ, ವಾಲ್ವ್ ತಿರುಗುವ ಬದಲು ಆಕ್ಚುಯೇಟರೇ ಗಿರ್ರನೆ ತಿರುಗಿ ಕೈ ಮುರಿಯುತ್ತದೆ. ಗೇಜು ಸೊನ್ನೆ ತೋರಿಸುತ್ತಿತ್ತು ಎಂದು ಆಮೇಲೆ ಹೇಳಿ ಪ್ರಯೋಜನವಿಲ್ಲ.

ಮುಚ್ಚಳ ತೆಗೆಯುವ ಬಗೆ ಡಬ್ಬಿಯಿಂದ ಡಬ್ಬಿಗೆ ಬೇರೆ. ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಕೂಡಿಸಿ ಸುತ್ತಲೂ ಬೋಲ್ಟು ಹಾಕಿದಂತಿರುವ ಜಾತಿಯದರಲ್ಲಿ ಒಳಗೆ ರಬ್ಬರಿನ ಪೊರೆ, ಅದರ ಮೇಲೆ ಸ್ಪ್ರಿಂಗು. ಸ್ಪ್ರಿಂಗಿನ ಬಿಗಿಯನ್ನು ಹೊಂದಿಸುವ ತಿರುಪು ಇದ್ದರೆ ಮೊದಲು ಅದನ್ನು ಪೂರ್ತಿ ಸಡಿಲಿಸಬೇಕು. ಸುತ್ತಲಿನ ಬೋಲ್ಟುಗಳಲ್ಲಿ ಕೆಲವು ಬೇಕೆಂದೇ ಉದ್ದವಾಗಿರುತ್ತವೆ. ಗಿಡ್ಡ ಬೋಲ್ಟುಗಳನ್ನೆಲ್ಲ ಮೊದಲು ತೆಗೆದು, ಎದುರುಬದುರಾಗಿರುವ ಉದ್ದದವನ್ನು ಕೊನೆಗೆ ಉಳಿಸಿಕೊಂಡು, ಒಂದನ್ನು ಒಂದು ಸುತ್ತು, ಎದುರಿನದನ್ನು ಒಂದು ಸುತ್ತು ಹೀಗೆ ಸಮನಾಗಿ ಬಿಡುತ್ತ ಬಂದರೆ, ನಟ್ಟು ಕಳಚುವ ಮುಂಚೆಯೇ ಸ್ಪ್ರಿಂಗು ತನ್ನ ಸಹಜ ಉದ್ದಕ್ಕೆ ಬಂದು ಸುಮ್ಮನಾಗಿರುತ್ತದೆ. ಉದ್ದ ಬೋಲ್ಟು ಹಾಕಿದ ಪುಣ್ಯಾತ್ಮ ಎಂಜಿನಿಯರಿಗೆ ಕೈ ಮುಗಿಯಬೇಕು. ಆದರೆ ರಿಪೇರಿಯ ಹೊತ್ತಿಗೆ ಕಳೆದುಹೋದ ಉದ್ದ ಬೋಲ್ಟಿನ ಬದಲು ಸಿಕ್ಕ ಗಿಡ್ಡದನ್ನೇ ಹಾಕಿ ಬಿಗಿದುಬಿಡುವ ನಮ್ಮ 'ಅಡ್ಜಸ್ಟ್' ಬುದ್ಧಿ ಇದೆಯಲ್ಲ, ಅದು ಮುಂದಿನ ಸಲ ಬಿಚ್ಚುವವನ ಹಣೆಗೆ ಬರುತ್ತದೆ.

ಇನ್ನೊಂದು ಜಾತಿಯಲ್ಲಿ ಹಲ್ಲಿನ ಚಕ್ರದ ಎರಡು ಬದಿಗೆ ಎರಡು ಪಿಸ್ಟನ್, ಎರಡು ತುದಿಯ ಮುಚ್ಚಳಗಳಲ್ಲಿ ಸ್ಪ್ರಿಂಗುಗಳ ಗೊಂಚಲು. ಇಲ್ಲೂ ಮುಚ್ಚಳದ ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ತಯಾರಕರು ಹೇಳಿದಷ್ಟು ಸುತ್ತು ಬಿಟ್ಟ ಮೇಲೂ ಮುಚ್ಚಳ ಒಳಗಿನಿಂದ ಒತ್ತುತ್ತಲೇ ಇದ್ದರೆ ಎಲ್ಲೋ ಏನೋ ಸಿಕ್ಕಿಕೊಂಡಿದೆ ಎಂದೇ ಅರ್ಥ. ನಿಲ್ಲಿಸಿ, ಬೋಲ್ಟನ್ನು ಮತ್ತೆ ಬಿಗಿದು, ಹಿರಿಯರನ್ನು ಕರೆಯಬೇಕು. ಮುಚ್ಚಳ ಅಂಟಿಕೊಂಡಿದೆಯೆಂದು ಗಾಳಿಯ ಪೈಪು ಕೊಟ್ಟು ಅದನ್ನು 'ಪಟ್' ಎಂದು ಹಾರಿಸುವ ಚಾಳಿ ಕೆಲವರಿಗಿದೆ. ಒಂದು ಸ್ಪ್ರಿಂಗು ಸಾಲದೆಂದು ಇನ್ನೊಂದನ್ನು ಸೇರಿಸಿದ ಹಾಗೆ ಅದು. ಇನ್ನು ಕೆಲವು ದೊಡ್ಡ ಆಕ್ಚುಯೇಟರುಗಳಲ್ಲಿ ಸ್ಪ್ರಿಂಗನ್ನು ಕೊಳವೆಯಲ್ಲಿಟ್ಟು ಬೆಸುಗೆ ಹಾಕಿಯೇ ಮುಚ್ಚಿರುತ್ತಾರೆ. ಬೆಸುಗೆ ಹಾಕಿದವನ ಉದ್ದೇಶ ಸ್ಪಷ್ಟ: ಇದನ್ನು ಯಾರೂ ತೆರೆಯಕೂಡದು.

ಗಾಳಿ ಬಿಟ್ಟೇ ಕೆಲಸ ಮಾಡಬೇಕು ಎಂಬ ನಿಯಮಕ್ಕೂ ಅಪವಾದವಿದೆ. ಡೇರಿಯ ಕೆಲವು ವಾಲ್ವುಗಳಲ್ಲಿ ಸ್ಪ್ರಿಂಗು ಒಳಗಿನ ಬಿರಡೆಯನ್ನು ಗದ್ದುಗೆಯ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದಿರುತ್ತದೆ. ಅದೇ ಸ್ಥಿತಿಯಲ್ಲಿ ಕಟ್ಟುಬಳೆಯನ್ನು ಬಿಚ್ಚಿದರೆ ಸ್ಪ್ರಿಂಗು ಡಬ್ಬಿಯನ್ನೇ ಮೇಲಕ್ಕೆ ಒದೆಯುತ್ತದೆ. ಆದ್ದರಿಂದ ಅಲ್ಲಿ ಮೊದಲು ಗಾಳಿ ಕೊಟ್ಟು ಬಿರಡೆಯನ್ನು ಎತ್ತಿಸಿ, ಕಟ್ಟುಬಳೆ ಬಿಚ್ಚಿ, ಆಕ್ಚುಯೇಟರನ್ನು ಹೊರಗೆತ್ತಿಕೊಂಡು ನಂತರ ಗಾಳಿ ಬಿಡಬೇಕು. ನೋಡಿ, ಒಂದು ಯಂತ್ರಕ್ಕೆ ಪ್ರಾಣ ಉಳಿಸುವ ಕ್ರಮ ಇನ್ನೊಂದಕ್ಕೆ ಅಪಾಯ! ತಯಾರಕರ ಕೈಪಿಡಿ ಓದದೆ, "ನಾನು ಇಂಥವು ನೂರು ಬಿಚ್ಚಿದ್ದೇನೆ" ಎನ್ನುವವನ ಮಾತು ನಂಬಿ ಕೈ ಹಾಕಬಾರದು ಎನ್ನುವುದು ಇದಕ್ಕೇ. ಮಗ ಅಪ್ರೆಂಟಿಸ್ ಆಗಿ ಸೇರಿದ ಮೇಲೆ ತಂದೆ ತಾಯಿಗಳು ಸ್ಟೈಪೆಂಡು ಎಷ್ಟು, ಊಟ ಹೇಗೆ ಎಂದು ಕೇಳುತ್ತಾರೆ. ಯಂತ್ರದ ಕೈಪಿಡಿ ಕೈಗೆ ಕೊಟ್ಟರೇ, ಬೀಗ ಹಾಕುವುದು ಹೇಳಿಕೊಟ್ಟರೇ, ಕನ್ನಡಕ ಕೊಟ್ಟರೇ ಎಂದೂ ಕೇಳಲಿ.

ಗ್ಯಾರೇಜು, ಗುಜರಿ

ಕಾರ್ಖಾನೆಯಲ್ಲಿ ಹೇಳುವವರು ಕೇಳುವವರು ಇರುತ್ತಾರೆ. ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಯಾರಿದ್ದಾರೆ? ಗಾಳಿ ಸೋರಿ ಬ್ರೇಕು ಹಿಡಿದುಕೊಂಡ ಲಾರಿಯನ್ನು ಪಕ್ಕಕ್ಕೆ ಸರಿಸಬೇಕಾದಾಗ ಆ ಸ್ಪ್ರಿಂಗನ್ನು ಕೈಯಿಂದಲೇ ಹಿಂದಕ್ಕೆಳೆದು ಕಟ್ಟಿಹಾಕಲು ಒಂದು ಉದ್ದನೆಯ ಬೋಲ್ಟಿನ ಏರ್ಪಾಡು ಇದೆ. ಕೆಲವು ಮಾದರಿಗಳಲ್ಲಿ ಅದು ಡಬ್ಬಿಯ ಒಳಗೇ ಇರುತ್ತದೆ, ಕೆಲವದರಲ್ಲಿ ಬದಿಯ ಪುಟ್ಟ ಜೇಬಿನಲ್ಲಿ. ಡಬ್ಬಿಯ ಹಿಂದಿನ ರಂಧ್ರದ ಬಿರಡೆ ತೆಗೆದು, ಬೋಲ್ಟನ್ನು ಒಳಗಿನ ತಟ್ಟೆಗೆ ಸಿಕ್ಕಿಸಿ ಕಾಲು ಸುತ್ತು ತಿರುಗಿಸಿದರೆ ಅದು ಕಚ್ಚಿಕೊಳ್ಳುತ್ತದೆ. ಹೊರಗಿನಿಂದ ನಟ್ಟು ಬಿಗಿಯುತ್ತ ಹೋದರೆ ಸ್ಪ್ರಿಂಗು ಕುಗ್ಗುತ್ತದೆ, ಬ್ರೇಕು ಬಿಡುತ್ತದೆ. ಹೀಗೆ ಮಾಡುವ ಮುನ್ನ ಚಕ್ರಗಳಿಗೆ ಅಡ್ಡಗಲ್ಲು ಇಡಲೇಬೇಕು, ಇಳಿಜಾರಿನಲ್ಲಂತೂ ಮರೆಯಕೂಡದು. ಡಬ್ಬಿಯ ನೇರ ಹಿಂದೆ ಕೂರಬಾರದು. ಒಳಗಿನ ತಟ್ಟೆ ತುಕ್ಕು ಹಿಡಿದಿದ್ದರೆ, ಸ್ಪ್ರಿಂಗು ಮುರಿದ ಗುಮಾನಿಯಿದ್ದರೆ ಬೋಲ್ಟು ಹಾಕುವ ಪ್ರಯತ್ನವೇ ಬೇಡ. ಹೀಗೆ ಕಟ್ಟಿಹಾಕಿದ ಮೇಲೂ ಹಿಂಭಾಗದ ಡಬ್ಬಿಯ ಕಟ್ಟುಬಳೆಯನ್ನು ಬಿಚ್ಚುವಂತಿಲ್ಲ. ತಯಾರಕರು ಡಬ್ಬಿಯ ಮೇಲೇ ಈ ಎಚ್ಚರಿಕೆ ಕೊಟ್ಟಿರುತ್ತಾರೆ, ಆದರೆ ಕೆಸರು ಮೆತ್ತಿ ಅದು ಕಾಣುವುದಿಲ್ಲ.

ನನಗೆ ಪರಿಚಯದ ಮೇಸ್ತ್ರಿಯೊಬ್ಬರಿದ್ದಾರೆ, ಓದಿದ್ದು ನಾಲ್ಕನೇ ಇಯತ್ತೆ. ಇದರ ಬಗ್ಗೆ ಕೇಳಿದಾಗ ಅವರು ಅಂದದ್ದು: "ಅದನ್ನ ನಾವು ಬಿಚ್ಚಾಕಿಲ್ಲ ಮೇಷ್ಟ್ರೇ. ಕೆಟ್ರೆ ಇಡೀ ಡಬ್ಬೀನೇ ತೆಗ್ದು ಹೊಸಾದು ಹಾಕ್ತೀವಿ. ಹುಡುಗ್ರಿಗೆ ಮುಟ್ಟಾಕೂ ಬಿಡಲ್ಲ." ಸ್ಪ್ರಿಂಗಿನ ಸೂತ್ರ ಬಾಯಿಪಾಠ ಮಾಡಿದ ನಮ್ಮ ವಿದ್ಯಾರ್ಥಿಗಳಿಗಿಂತ ಅವರಿಗೆ ವಿಷಯ ಚೆನ್ನಾಗಿ ಗೊತ್ತಿದೆ.

ಹಾಗೆ ತೆಗೆದ ಹಳೆಯ ಡಬ್ಬಿ ಎಲ್ಲಿಗೆ ಹೋಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಗುಜರಿಗೆ. ಅಲ್ಲಿ ಕಬ್ಬಿಣ ಬೇರೆ, ಅಲ್ಯೂಮಿನಿಯಂ ಬೇರೆ ಮಾಡಿದರೆ ಹೆಚ್ಚು ಕಾಸು. ಬೇರೆ ಮಾಡುವ ಸಾಧನ ಸುತ್ತಿಗೆ ಮತ್ತು ಉಳಿ; ಕೂತು ಹೊಡೆಯುವವನು ಬಹುಪಾಲು ಶಾಲೆ ಬಿಟ್ಟ ಹುಡುಗ. ಅದುಮಿದ ಸ್ಪ್ರಿಂಗು ಒಳಗಿದೆ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಇಂಥ ಡಬ್ಬಿಯನ್ನು ಎಸೆಯುವ ಮುಂಚೆ ಅದರ ಸ್ಪ್ರಿಂಗನ್ನು ನಿರಪಾಯ ಮಾಡಿಯೇ ಕೊಡಬೇಕು ಎಂಬುದು ತಯಾರಕರ ಸ್ಪಷ್ಟ ಸೂಚನೆ. ಅದು ಡಬ್ಬಿಯನ್ನು ಗಟ್ಟಿಯಾದ ಉಕ್ಕಿನ ಪೆಟ್ಟಿಗೆಯೊಳಗೆ ಭದ್ರಪಡಿಸಿ, ತರಬೇತಾದವರು ಮಾಡುವ ಕೆಲಸ. ಅಂಗಳದಲ್ಲಿ ಮಾಡುವುದಲ್ಲ.

ಗುರುತು ಹಿಡಿಯುವುದು ಕಷ್ಟವೇನಲ್ಲ. ಎರಡು ಉರುಟು ಡಬ್ಬಿಗಳು ಒಂದರ ಹಿಂದೆ ಒಂದು ಕೂಡಿಕೊಂಡಿರುತ್ತವೆ, ಸುತ್ತ ಲೋಹದ ಕಟ್ಟುಬಳೆ, ಗಾಳಿಯ ಪೈಪು ಸಿಕ್ಕಿಸುವ ರಂಧ್ರಗಳು, ಒಂದು ಕಡೆಯಿಂದ ಹೊರಚಾಚಿದ ಕಂಬಿ. ಗಾತ್ರಕ್ಕೆ ಮೀರಿದ ಭಾರ. ನಿಮ್ಮ ಬೀದಿಯ ಗುಜರಿ ಅಂಗಡಿಯ ರಾಶಿಯಲ್ಲಿ ಇಂಥದು ಕಂಡರೆ ಅಂಗಡಿಯವರಿಗೆ ಹೇಳಿ, ಅದನ್ನು ಬೇರೆ ಎತ್ತಿಡಿಸಿ, ಭಾರಿ ವಾಹನದ ಬ್ರೇಕು ಕೆಲಸ ಮಾಡುವ ವರ್ಕ್‌ಷಾಪಿಗೆ ಹಾಗೇ ಇಡಿಯಾಗಿ ಹಿಂದಿರುಗಿಸಲು ಒಪ್ಪಿಸಿ. ಒಂದು ಡಬ್ಬಿಯ ಕಬ್ಬಿಣದಿಂದ ಅವರಿಗೆ ಸಿಗುವುದು ಕೆಲವೇ ರೂಪಾಯಿ.